ಹಾಸಿಗೆಯ ಬಳಿ ನಿಂತವಳು



ಶಿಲುಬೆಯ ಬಳಿ ಮಾತೆ ಮರಿಯಮ್ಮನವರು ನಿಂತಿದ್ದರೆಂದು ಸಂತ ಯೊವಾನ್ನರು ಬರೆದಿದ್ದಾರೆ. ಅಲ್ಲಿ ಅವರು ಒಂದು ಮಾತನ್ನಾದರೂ ಆಡಿದರೆಂದು ಶುಭಸಂದೇಶದಲ್ಲಿಲ್ಲ. ಪ್ರತಿ ಶುಭ ಶುಕ್ರವಾರ ಈ ಭಾಗವನ್ನು ಕುರಿತು ಪ್ರಬೋಧನೆ ಮಾಡುತ್ತಾ ಬಂದ ನನಗೆ, ನಿಲ್ಲುವುದೆಂದರೆ ಏನೆಂದು ಕಲಿಸಿದವಳು ನಮ್ಮ ಮೈಸೂರಿನ ಒಬ್ಬ ದಾದಿ. ಆಕೆ ಕ್ರೈಸ್ತಳೂ ಅಲ್ಲ.

ಕೆಲವು ವರ್ಷಗಳ ಹಿಂದೆ ರಾತ್ರಿ ಎರಡು ಗಂಟೆಗೆ ಫೋನು ಬಂತು. ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಕ್ಯಾನ್ಸರಿನ ಕೊನೆಯ ಹಂತದಲ್ಲಿದ್ದರು. ಪವಿತ್ರ ತೈಲ ಹಿಡಿದು ಆಸ್ಪತ್ರೆಗೆ ಧಾವಿಸಿದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಮೊದಲೇ ಏಕೆ ಹೇಳಲಿಲ್ಲ ಎಂದು ಮನೆಯವರನ್ನು ಕೇಳಿದೆ. "ಫಾದರ್ ಬಂದರೆ ಅಪ್ಪ ಹೆದರಿಬಿಡ್ತಾರೆ ಅಂತ..." ಎಂದರು. ನನಗೆ ಸಿಟ್ಟು ಬಂದದ್ದು ನಿಜ. ಅದೇ ಸಿಟ್ಟಿನಲ್ಲಿ ಪುಸ್ತಕ ತೆರೆದು ಗಡಿಬಿಡಿಯಾಗಿ ಪ್ರಾರ್ಥನೆ ಓದತೊಡಗಿದೆ. ಪಕ್ಕದಲ್ಲಿದ್ದ ದಾದಿ ಮೆಲ್ಲನೆ, "ಫಾದರ್, ಸ್ವಲ್ಪ ನಿಧಾನವಾಗಿ ಹೇಳಿ. ಅವರಿಗೆ ಕೇಳಿಸುತ್ತಿರಬಹುದು" ಎಂದಳು.

ದೈವಶಾಸ್ತ್ರ ಓದಿದ ನನಗೆ ಆ ಮಾತು ನಾಟಿತು.

ಹಿರಿಯರ ಪತ್ನಿ ಅಳುತ್ತಾ ಗಂಡನ ಬಾಯಿಗೆ ಚಮಚದಲ್ಲಿ ಹಾಲು ಹಾಕಲು ನೋಡುತ್ತಿದ್ದರು. ಹಸಿದ ಹೊಟ್ಟೆಯಲ್ಲಿ ಕಳುಹಿಸುವುದುಂಟೇ ಎಂಬ ಸಂಕಟ ಅವರದು. ಕೊನೆಗಾಲದಲ್ಲಿ ದೇಹ ಆಹಾರ ಕೇಳುವುದಿಲ್ಲ, ಬಲವಂತ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ದಾದಿ ಇದನ್ನು ತಿಳಿಹೇಳಿ, ಚಮಚ ತೆಗೆದಿಟ್ಟು, ಒದ್ದೆ ಹತ್ತಿ ಕೊಟ್ಟು ತುಟಿ ಒರೆಸಲು ಹೇಳಿದಳು. ಆ ತಾಯಿಯ ಕೈಗೆ ಒಂದು ಕೆಲಸ ಸಿಕ್ಕಿತು.

ಬಾಗಿಲಲ್ಲಿ ಹಿರಿಯ ಮಗ ನಿಂತಿದ್ದ. ಆಸ್ತಿ ಪಾಲಿನ ಜಗಳದಲ್ಲಿ ಮನೆ ಬಿಟ್ಟು ಹೋದವನು. ಹಿಂದಿನ ರಾತ್ರಿ ಡ್ರಿಪ್ ಬದಲಾಯಿಸಲು ಬಂದ ದಾದಿಯೊಡನೆ ಹಿರಿಯರು ಅವನ ಹೆಸರು ಹೇಳಿದ್ದರಂತೆ. ಕರೆಸಲೇ ಎಂದು ಕೇಳಿ, ಹೂಂ ಎಂದ ಮೇಲೆ ಆಕೆ ಫೋನು ಮಾಡಿಸಿದ್ದಳು. "ಏನು ಹೇಳಲಿ?" ಎಂದ ಆತ. "ನಾನು ಬಂದಿದ್ದೀನಿ ಅನ್ನಿ, ಸಾಕು." ತಂದೆಗೆ ಅದು ಕೇಳಿಸಿತೋ ಇಲ್ಲವೋ, ದೇವರೇ ಬಲ್ಲರು. ಒಂದು ದಿನ ಮೊದಲು ಬಂದಿದ್ದರೆ ಖಂಡಿತ ಕೇಳಿಸುತ್ತಿತ್ತು. ನನ್ನ ಮಟ್ಟಿಗೂ ಅಷ್ಟೇ. ಅವರು ಪಾಪನಿವೇದನೆ ಮಾಡಬಹುದಿತ್ತು, ಪರಮಪ್ರಸಾದವನ್ನು ಕೊನೆಯ ಪಯಣದ ಬುತ್ತಿಯಾಗಿ ಸ್ವೀಕರಿಸಬಹುದಿತ್ತು.

ನಮ್ಮ ಹಿರಿಯರು 'ಅಂತ್ಯಾಭ್ಯಂಗ' ಎನ್ನುತ್ತಿದ್ದುದನ್ನು 'ರೋಗಿಗಳ ಅಭ್ಯಂಗ' ಎನ್ನುವುದೇ ಉತ್ತಮವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ತಿಳಿಸಿತು. ಅದು ಉಸಿರು ನಿಲ್ಲುವ ಗಳಿಗೆಗಷ್ಟೇ ಮೀಸಲಾದುದಲ್ಲ. ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ಇಷ್ಟು ವರ್ಷವಾದರೂ ತೈಲದ ಡಬ್ಬಿ ಕಂಡರೆ ಯಮದೂತನನ್ನು ಕಂಡಂತೆ ಬೆಚ್ಚುವವರಿದ್ದಾರೆ. ನಾವು ಗುರುಗಳು ಸರಿಯಾಗಿ ಕಲಿಸಲಿಲ್ಲವೇನೋ.

ದಾದಿಯರ ಪಾಲಕ ಸಂತ ಕಮಿಲ್ಲಸ್ ಮೊದಲು ಸೈನಿಕ, ಕಾಲಿನ ಮಾಯದ ಗಾಯದಿಂದ ನರಳಿದವರು. ರೋಮಿನ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರೇ ಅಲ್ಲಿ ಸೇವಕರಾದರು. ಅವರ ಸಭೆಯವರನ್ನು ಜನ 'ಒಳ್ಳೆಯ ಮರಣದ ಗುರುಗಳು' ಎಂದು ಕರೆದರು. ಮರಣಾಸನ್ನರ ಆರೈಕೆಯನ್ನು ಕುರಿತ ವ್ಯಾಟಿಕನ್ನಿನ 'ಸಮಾರಿತಾನುಸ್ ಬೋನುಸ್' ಪತ್ರಕ್ಕೆ 2020ರ ಜುಲೈ 14ರಂದು, ಅವರ ಸ್ಮರಣೆಯ ದಿನವೇ, ಸಹಿಯಾಯಿತು.

ನಮ್ಮ ನಾಡಿನಲ್ಲೂ ಈ ಸೇವೆ ಬೆಳೆದಿದೆ. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ 'ಕರುಣಾಶ್ರಯ' 1999ರಿಂದ, ಚಿಕಿತ್ಸೆಗೆ ಬಗ್ಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮನೆಮನೆಗೆ ಹೋಗಿ ಉಪಶಮನ ಆರೈಕೆ ನೀಡುತ್ತಾ ಬಂದಿದೆ. ಇಂಥವರ ನೆರವು ಕೇಳಲು ಸಂಕೋಚ ಬೇಡ.

"ವೆಂಟಿಲೇಟರ್ ಬೇಡವೆಂದರೆ ಪಾಪವೇ ಫಾದರ್?" ಎಂದು ಹಲವರು ಕೇಳುತ್ತಾರೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ಫಲವಿಲ್ಲದ, ಹೊರೆಯಾದ ಚಿಕಿತ್ಸೆಯನ್ನು ಬಿಡುವುದು ಕೊಲೆಯಲ್ಲ. ಸಾಯಲೆಂದೇ ಸೂಜಿ ಚುಚ್ಚುವುದು ಕೊಲೆ. ಧರ್ಮಸಭೆಯ ಬೋಧನೆಯಲ್ಲಿ ಈ ಗೆರೆ ಸ್ಪಷ್ಟ. ನೋವು ನೀಗಿಸಲು ವೈದ್ಯರು ಮಾರ್ಫಿನ್ ಕೊಟ್ಟರೆ ಹೆದರಬೇಡಿ, ಅದು ತಪ್ಪಲ್ಲವೆಂದು ಪೋಪ್ 12ನೇ ಪಯಸ್ 1957ರಲ್ಲೇ ಹೇಳಿದ್ದಾರೆ.

ಆ ಹಿರಿಯರು ಬೆಳಗಿನ ಜಾವ ಪ್ರಾಣ ಬಿಟ್ಟರು. ಪತ್ನಿ ಕೊನೆಯವರೆಗೂ ತುಟಿ ಒರೆಸುತ್ತಿದ್ದರು, ಮಗ ಕೈ ಬಿಡಲಿಲ್ಲ. ನಾವು ಪರಲೋಕ ಮಂತ್ರ ಹೇಳುವಾಗ ದಾದಿ ತಲೆಬಾಗಿ ನಿಂತಿದ್ದಳು. ನಾನು ಮೆಟ್ಟಿಲಿಳಿಯುತ್ತಿರುವಾಗ ಹಿಂದೆಯೇ ಬಂದು ಕರೆದಳು.

"ಫಾದರ್, ಹನ್ನೊಂದನೇ ಹಾಸಿಗೆಯಲ್ಲಿರೋ ಅಜ್ಜಿಯೂ ನಿಮ್ಮವರೇ. ಇನ್ನೂ ಚೆನ್ನಾಗಿ ಮಾತಾಡ್ತಾರೆ. ಈಗಲೇ ಒಂದು ಸಲ ನೋಡಿಕೊಂಡು ಹೋಗಿ."