ಕರ್ತನ ಪಂಕ್ತಿಯಲ್ಲಿ ಭೇದವಿಲ್ಲ

ಧ್ಯಾನಕ್ಕಾಗಿ: ಅಪೊಸ್ತಲರ ಕೃತ್ಯಗಳು 15ನೆಯ ಅಧ್ಯಾಯ, ಗಲಾತ್ಯದವರಿಗೆ 2ನೆಯ ಅಧ್ಯಾಯ.



ಕ್ರಿಸ್ತನ ಬಳಿಗೆ ಬಂದವನು ತನ್ನ ಪೂರ್ವದ ನಡೆವಳಿಕೆಗಳಲ್ಲಿ ಯಾವದನ್ನು ಇಟ್ಟುಕೊಳ್ಳಬೇಕು, ಯಾವದನ್ನು ಬಿಡಬೇಕು? ಈ ಪ್ರಶ್ನೆಯು ಮೊದಲು ನಮ್ಮ ಗ್ರಾಮಸಭೆಗಳಲ್ಲಿ ಹುಟ್ಟಿದ್ದಲ್ಲ. ಅಂತಿಯೋಕ್ಯ ಪಟ್ಟಣದಲ್ಲಿ ಅನ್ಯಜನರು ನಂಬಿದಾಗ, ಯೂದಾಯದಿಂದ ಬಂದ ಕೆಲವರು ಸುನ್ನತಿಯಿಲ್ಲದೆ ರಕ್ಷಣೆಯಿಲ್ಲವೆಂದು ಬೋಧಿಸಿದರು. ಅಂದರೆ ಗ್ರೀಕನು ಮೊದಲು ಯೆಹೂದ್ಯನಾಗಿ, ಅನಂತರವೇ ಕ್ರೈಸ್ತನಾಗಬೇಕಾಯಿತು. ಆಗ ಅಪೊಸ್ತಲರೂ ಹಿರಿಯರೂ ಯೆರೂಸಲೇಮಿನಲ್ಲಿ ಕೂಡಿ ಬಹಳವಾಗಿ ವಿಚಾರಿಸಿ, ಆ ನೊಗವನ್ನು ಅವರ ಮೇಲೆ ಹೊರಿಸದೆ, ವಿಗ್ರಹಗಳಿಗೆ ಅರ್ಪಿಸಿದ್ದನ್ನೂ ರಕ್ತವನ್ನೂ ಕುತ್ತಿಗೆ ಹಿಸುಕಿ ಕೊಂದದ್ದನ್ನೂ ಜಾರತ್ವವನ್ನೂ ಬಿಡಬೇಕೆಂದು ಮಾತ್ರ ಬರೆದು ಕಳುಹಿಸಿದರು. ಸಭೆಯು ಆ ಪತ್ರವನ್ನು ಓದಿ ಸಂತೋಷಪಟ್ಟಿತು.

ಈ ಸ್ವಾತಂತ್ರ್ಯದ ಫಲವನ್ನು ನಾವೂ ಉಂಡಿದ್ದೇವೆ. 1853ರಲ್ಲಿ ಈ ದೇಶಕ್ಕೆ ಬಂದ ಬಾಸೆಲ್ ಮಿಶನಿನ ಕಿಟ್ಟೆಲರು, ತಮ್ಮ ಜರ್ಮನ್ ರಾಗಗಳೇ ಸಾಕೆನ್ನದೆ, ನಮ್ಮ ಕವಿಗಳ ಛಂದಸ್ಸನ್ನು ಕಲಿತು, ಕರ್ತನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಕನ್ನಡ ಪದ್ಯಗ್ರಂಥವಾಗಿ 1862ರಲ್ಲಿ ಪ್ರಕಟಿಸಿದರು. ಅದೇ ಮಿಶನಿನ ಬೋಧಕರಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಶ್ರಮಪಟ್ಟು ಕೂಡಿಸಿ 1924ರಲ್ಲಿ ಅಚ್ಚುಮಾಡಿಸಿದರು. ಕನ್ನಡದ ಸವಿಯನ್ನು ತೊರೆದರೆ ಭಕ್ತಿಯು ಹೆಚ್ಚುವದೆಂದು ಇವರು ಎಣಿಸಲಿಲ್ಲ. ಆದದರಿಂದ ಚಾಪೆಯ ಮೇಲೆ ಕುಳಿತು ಪ್ರಾರ್ಥಿಸುವವನೂ, ತಾಳದೊಡನೆ ಕೀರ್ತನೆ ಹಾಡುವವಳೂ, ಸುಗ್ಗಿಯ ಮೊದಲ ತೆನೆಯನ್ನು ಮೊರದಲ್ಲಿಟ್ಟು ದೇವಾಲಯಕ್ಕೆ ತರುವವನೂ ನಾಚಬೇಕಾದದ್ದಿಲ್ಲ. ಪಟ್ಟಣಕ್ಕೆ ಹೋದ ನಮ್ಮ ಮಕ್ಕಳು ಹೊಸ ವಾದ್ಯಗಳೊಡನೆ ಬೇರೆ ರಾಗದಲ್ಲಿ ಸ್ತುತಿಸಿದರೆ ನಾವು ಅವರನ್ನು ಹಳಿಯಲೂ ಬಾರದು.

ಆದರೆ ಎಚ್ಚರವಾಗಿರೋಣ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಸಂಗಡ ಊಟಮಾಡುತ್ತಿದ್ದನು. ಯಾಕೋಬನ ಕಡೆಯಿಂದ ಕೆಲವರು ಬಂದಾಗ ಹೆದರಿ ಹಿಂದೆಗೆದನು. ಬಾರ್ನಬನು ಸಹ ಆ ಕಪಟಕ್ಕೆ ಒಳಗಾದನು. ಪೌಲನು ಸುಮ್ಮನಿರದೆ ಎಲ್ಲರ ಮುಂದೆ ಪೇತ್ರನನ್ನು ಎದುರಿಸಿದನು. ಸುನ್ನತಿಯ ಭಾರವನ್ನು ಇಳಿಸಿದ ಸುವಾರ್ತೆಯೇ ಪಂಕ್ತಿಭೇದವನ್ನು ಸಹಿಸಲಿಲ್ಲ.

ನಮ್ಮ ರಾಗ, ಉಡುಪು, ಭಾಷೆಗಳನ್ನು ಕರ್ತನು ಅಂಗೀಕರಿಸುವನು. ಜಾತಿಯ ಹೆಮ್ಮೆಯನ್ನು ಅಂಗೀಕರಿಸನು. ಪರಿಶುದ್ಧ ಭೋಜನದ ಪಾತ್ರೆಯು ಕೈಗೆ ಬರುವಾಗ, ತನಗಿಂತ ಮುಂಚೆ ಅದರಲ್ಲಿ ಕುಡಿದವನ ಕುಲವನ್ನು ನೆನಸಿ ಹಿಂಜರಿಯುವವನು, ಇದು ದೇಶಾಚಾರವೆಂದು ಹೇಳಿ ತಪ್ಪಿಸಿಕೊಳ್ಳಲಾರನು. ಒಂದೇ ಬಾವಿಯ ನೀರನ್ನು ಸಹೋದರನಿಗೆ ಬೇಡವೆನ್ನುವವನು ಯಾವ ರಾಗದಲ್ಲಿ ಹಾಡಿದರೇನು?

ಪ್ರತಿಯೊಂದು ಆಚಾರವನ್ನು, ಹಳೆಯದಾಗಲಿ ಹೊಸದಾಗಲಿ, ಹೀಗೆ ಪರೀಕ್ಷಿಸಿರಿ: ಇದು ನನ್ನ ನೆರೆಯವನನ್ನು ಕರ್ತನ ಬಳಿಗೆ ಕರೆಯುವದೋ, ಬಾಗಲ ಹೊರಗೆ ನಿಲ್ಲಿಸುವದೋ? ಕರೆಯುವದನ್ನು ಸಂತೋಷದಿಂದ ಇಟ್ಟುಕೊಳ್ಳಿರಿ. ನಿಲ್ಲಿಸುವದನ್ನು ಈ ಹೊತ್ತೇ ಬಿಡಿರಿ. ಮುಂದಿನ ಪರಿಶುದ್ಧ ಭೋಜನಕ್ಕೆ ಬರುವ ಮೊದಲು, ನೀವು ದೂರವಿಟ್ಟವನ ಮನೆಗೆ ಹೋಗಿ ಅವನ ಸಂಗಡ ಊಟಮಾಡಿರಿ. ಸಕಲ ಜನಾಂಗಗಳನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸುವ ಕರ್ತನು ಇದಕ್ಕೆ ನಮಗೆ ಬಲವನ್ನು ದಯಪಾಲಿಸಲಿ. ಆಮೆನ್.