ಸಂಧಾನಕ್ಕೆ ಹೋದವರ ಊಟ



ಪಾಂಡವರ ದೂತನಾಗಿ ಹಸ್ತಿನಾವತಿಗೆ ಬಿಜಯಂಗೈದ ಶ್ರೀಕೃಷ್ಣ ಪರಮಾತ್ಮನು ದುರ್ಯೋಧನನ ಭೋಜನವನ್ನು ಒಲ್ಲೆನೆಂದನು; ದೂತರು ಕಾರ್ಯ ಕೈಗೂಡಿದ ಬಳಿಕವೇ ಉಣ್ಣುವರೆಂದು ನುಡಿದು ವಿದುರನ ಮನೆಗೆ ನಡೆದನು. ಈ ಪ್ರಸಂಗವನ್ನು ಬಾರಿಬಾರಿಗೂ ಕೇಳಿದ ನಾವು, ಬಂಧುಗಳ ಮನೆಯ ದಾಂಪತ್ಯ ಒಡೆಯುವ ಹೊತ್ತಿಗೆ ಮರೆತುಬಿಡುತ್ತೇವೆ. ಗಂಡಿನ ಮನೆಯಲ್ಲಿ ಉಂಡು, ತಾಂಬೂಲ ಮೆದ್ದು, ಹೆಣ್ಣಿಗೆ "ಹೊಂದಿಕೊಂಡು ಹೋಗಮ್ಮ" ಎಂದು ಎದ್ದುಬರುವುದು ಸಂಧಾನವಲ್ಲ. ನಮ್ಮ ಶಂಕರಘಟ್ಟದಂಥ ಸಣ್ಣ ಊರಿನಲ್ಲಿ ಅವಳ ಗುಟ್ಟು ಮರುದಿನವೇ ಹತ್ತು ಜಗಲಿಗಳ ಮಾತು!

ವಿಚ್ಛೇದನದ ವ್ಯಾಜ್ಯಗಳಲ್ಲಿ ಸಾಧ್ಯವಿದ್ದೆಡೆ ಮೊದಲು ರಾಜಿಗೆ ಯತ್ನಿಸಬೇಕೆಂದು 1984ರ ಕುಟುಂಬ ನ್ಯಾಯಾಲಯ ಕಾಯಿದೆಯೇ ವಿಧಿಸಿದೆ. 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರವು ಆರಂಭವಾಯಿತು. ಮಧ್ಯಸ್ಥರು ತೀರ್ಪು ಕೊಡರು. ಇಬ್ಬರನ್ನೂ ಬೇರೆಯಾಗಿಯೂ ಕೂಡಿಸಿಯೂ ಕೇಳುವರು. ಅಲ್ಲಿ ಆಡಿದ ಮಾತು ಹೊರಬೀಳದು, ನ್ಯಾಯಾಲಯದಲ್ಲಿ ಸಾಕ್ಷ್ಯವೂ ಆಗದು. ಕೂಡಿ ಬಾಳಲಾಗದಿದ್ದರೆ ಜೀವನಾಂಶ, ಸ್ತ್ರೀಧನ, ಮಕ್ಕಳ ಪಾಲನೆಗಳನ್ನಾದರೂ ಕೆಸರೆರಚಾಟವಿಲ್ಲದೆ ಗೊತ್ತುಪಡಿಸಿಕೊಳ್ಳಬಹುದು.

ವಿವಾಹವನ್ನು ಸಂಸ್ಕಾರವೆಂದು ಬಗೆಯುವ ನಮಗೆ ಇದನ್ನು ಬರೆಯಲು ಸಂಕೋಚವಿತ್ತು. ಆದರೆ ಫಲಿಸದೆಂದು ಬಲ್ಲ ಭಗವಂತನೇ ಸಂಧಾನಕ್ಕೆ ಹೋದನಷ್ಟೆ! ಹೊಡೆತ ತಿಂದು ಬಂದ ಮಗಳ ಸಂಗತಿ ಮಾತ್ರ ಬೇರೆ. ಅವಳನ್ನು ಸಂಧಾನದ ಹೆಸರಿನಲ್ಲಿ ಹಿಂದಕ್ಕಟ್ಟಬೇಡಿರಿ. ಮೊದಲು ತವರಿನಲ್ಲಿ ಉಣ್ಣಿಸಿ ಮಲಗಿಸಿರಿ. ಬೆಳಗಾದ ಮೇಲೆ ಭದ್ರಾವತಿಗೆ ಹೋಗಿ ವಕೀಲರನ್ನು ಕಾಣಿರಿ.