ಹಳೆಯ ಸೈಕಲ್ಲಿಗೆ ಹೊಸ ಬಿಡಿಭಾಗ: ಒಂದು ಧರ್ಮಜಿಜ್ಞಾಸೆ

ಧರ್ಮಸೂಕ್ಷ್ಮವನ್ನು ಅರಸುವಾಗ ನಾವು ಸಾಮಾನ್ಯವಾಗಿ ಪುರಾಣೇತಿಹಾಸಗಳ ಕಡೆಗೆ ಮುಖ ಮಾಡುತ್ತೇವೆ. ದಿನವೂ ಕೈಯಲ್ಲಿ ಹಿಡಿದು ಬಳಸುವ ವಸ್ತುಗಳಲ್ಲಿಯೂ ಅಂತಹ ಸೂಕ್ಷ್ಮಗಳು ಅಡಗಿರುತ್ತವೆ ಎಂಬುದು ಬೇಗನೆ ಹೊಳೆಯುವುದಿಲ್ಲ. ಮನೆಯಲ್ಲಿ ಇಪ್ಪತ್ತು ವರ್ಷ ಹಳೆಯದಾದ ಗೇರಿನ ಸೈಕಲ್ಲೊಂದು ಇದೆ ಎಂದು ಭಾವಿಸೋಣ. ಅದರ ಚೌಕಟ್ಟು ಗಟ್ಟಿಯಾಗಿದೆ, ಗಾಲಿಗಳು ನೆಟ್ಟಗೆ ತಿರುಗುತ್ತವೆ, ಬ್ರೇಕು ಹಿಡಿಯುತ್ತದೆ. ಹ್ಯಾಂಡಲ್ಲಿನ ಮೇಲಿರುವ, ಗೇರು ಬದಲಿಸುವ ಶಿಫ್ಟರು ಮಾತ್ರ ಕೆಟ್ಟಿದೆ. ಅಂಗಡಿಗೆ ಒಯ್ದರೆ, "ಈ ಮಾಡೆಲ್ಲು ಈಗ ಬರುವುದಿಲ್ಲ, ಹೊಸ ಸೈಕಲ್ಲನ್ನೇ ತೆಗೆದುಕೊಳ್ಳಿ" ಎಂಬ ಉತ್ತರ ಬರುತ್ತದೆ. ಇಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಅಂಗೈಯಗಲದ ಒಂದು ಭಾಗಕ್ಕಾಗಿ ಇಡೀ ವಾಹನವನ್ನು ತ್ಯಜಿಸುವುದು ಸರಿಯೇ? ಬೇರೆ ಕಂಪನಿಯ ಭಾಗವನ್ನು ಜೋಡಿಸಿದರೆ ಅದು ಅದೇ ಸೈಕಲ್ಲಾಗಿ ಉಳಿಯುತ್ತದೆಯೇ? ಮಾಡಿದವನಿಗೆ, ರಿಪೇರಿ ಮಾಡುವವನಿಗೆ, ಬಳಸುವವನಿಗೆ ಈ ವಿಷಯದಲ್ಲಿ ಇರುವ ಹೊಣೆಗಳೇನು?

ಉತ್ತರಕ್ಕೆ ಮೊದಲು ಯಂತ್ರದ ಮರ್ಮವನ್ನು ತಿಳಿಯುವುದು ಅಗತ್ಯ. ಹಿಂದಿನ ಗಾಲಿಯಲ್ಲಿ ಚಿಕ್ಕವು ದೊಡ್ಡವು ಎಂದು ಹಲವು ಹಲ್ಲುಚಕ್ರಗಳು ಸಾಲಾಗಿರುತ್ತವೆ. ಚೈನನ್ನು ಒಂದರಿಂದ ಇನ್ನೊಂದಕ್ಕೆ ಸರಿಸುವ ಸಾಧನಕ್ಕೆ ಡಿರೇಲರ್ ಎಂದು ಹೆಸರು. ಅದನ್ನು ಎಳೆಯುವುದು ಒಂದು ತೆಳುವಾದ ಉಕ್ಕಿನ ವೈರು. ಆ ವೈರನ್ನು ಎಳೆಯುವುದು ಶಿಫ್ಟರು. ಹಿಂದಿನ ಕಾಲದ ಶಿಫ್ಟರುಗಳಲ್ಲಿ ಮೆಟ್ಟಿಲುಗಳಿರಲಿಲ್ಲ. ಅದು ಘರ್ಷಣೆಯ ಬಲದಿಂದ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುವ ಒಂದು ಸರಳ ಹಿಡಿ. ಚೈನು ಸರಿಯಾಗಿ ಕುಳಿತಿತೋ ಇಲ್ಲವೋ ಎಂಬುದನ್ನು ಸವಾರನು ಕಿವಿಯಿಂದ ಕೇಳಿ, ಕೈಯಿಂದ ತಿದ್ದಿಕೊಳ್ಳಬೇಕಾಗಿತ್ತು. ಆದಕಾರಣ ಯಾವ ಹಿಡಿಯಾದರೂ ಬಹುಮಟ್ಟಿಗೆ ಯಾವ ಡಿರೇಲರಿಗಾದರೂ ಒಗ್ಗುತ್ತಿತ್ತು.

1984ರಲ್ಲಿ ಜಪಾನಿನ ಶಿಮಾನೊ ಕಂಪನಿಯು ತನ್ನ ಡ್ಯೂರಾ ಏಸ್ ಶ್ರೇಣಿಯಲ್ಲಿ ಮೆಟ್ಟಿಲುಳ್ಳ ಶಿಫ್ಟರನ್ನು ತಂದಿತು. ಒಂದು ‘ಕ್ಲಿಕ್’ ಎಂದರೆ ಒಂದು ಗೇರು. ಸವಾರನ ಶ್ರಮ ಇಳಿಯಿತು, ಹೊಸಬರಿಗೂ ಗೇರು ಸುಲಭವಾಯಿತು. ಆದರೆ ಕಿವಿಯೂ ಕೈಯೂ ಮಾಡುತ್ತಿದ್ದ ಕೆಲಸವನ್ನು ಈಗ ಅಳತೆಯೊಂದೇ ಮಾಡಬೇಕಾಯಿತು. ಶಿಫ್ಟರು ಎಳೆಯುವ ವೈರಿನ ಉದ್ದ, ಆ ಎಳೆತಕ್ಕೆ ಡಿರೇಲರು ಸರಿಯುವ ದೂರ, ಹಲ್ಲುಚಕ್ರಗಳ ನಡುವಿನ ಅಂತರ, ಈ ಮೂರೂ ಪರಸ್ಪರ ಒಪ್ಪಬೇಕು. ಶಿಮಾನೊದ ಏಳು ಗೇರಿನ ಸಾಲಿನಲ್ಲಿ ಚಕ್ರದಿಂದ ಚಕ್ರಕ್ಕೆ ಇರುವ ದೂರ ಸುಮಾರು 5 ಮಿಲಿಮೀಟರು; ಎಂಟು ಗೇರಿನದರಲ್ಲಿ 4.8. ವ್ಯತ್ಯಾಸ ಕೂದಲೆಳೆಯಷ್ಟು. ಆದ್ದರಿಂದ ಎಂಟರ ಶಿಫ್ಟರನ್ನು ಏಳರ ಸಾಲಿಗೆ ಹಾಕಿ, ನಡುವಿನ ಚಕ್ರಕ್ಕೆ ಸರಿಹೊಂದಿಸಿದರೆ, ಎರಡು ತುದಿಗಳಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ತಪ್ಪು ಉಳಿದರೂ ಕೆಲಸ ಸಾಗುತ್ತದೆ. ಆದರೆ ಅಮೆರಿಕದ ಸ್ರಾಮ್ ಕಂಪನಿಯ ‘ಒಂದಕ್ಕೊಂದು’ ಪದ್ಧತಿಯ ಶಿಫ್ಟರು ಒಂದು ಕ್ಲಿಕ್ಕಿಗೆ ಶಿಮಾನೊದಕ್ಕಿಂತ ಸುಮಾರು ಒಂದೂವರೆ ಪಟ್ಟು ವೈರನ್ನು ಎಳೆಯುತ್ತದೆ. ಅದನ್ನು ಶಿಮಾನೊ ಡಿರೇಲರಿಗೆ ಕಟ್ಟಿದರೆ ಚೈನು ಒಂದು ಚಕ್ರವನ್ನು ದಾಟಿ ಎರಡರ ನಡುವೆ ತಡಕಾಡುತ್ತದೆ. ಎರಡೂ ಉತ್ತಮ ವಸ್ತುಗಳೇ; ಆದರೆ ಜೊತೆಗೂಡಿ ಕೆಟ್ಟ ಸೈಕಲ್ಲನ್ನು ಮಾಡುತ್ತವೆ. ಗುಣವು ವಸ್ತುವಿನಲ್ಲಿ ಮಾತ್ರವಲ್ಲ, ಸಂಬಂಧದಲ್ಲಿಯೂ ಇದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಈ ಜ್ಞಾನವಿದ್ದವನಿಗೆ ಅಂಗಡಿಯ ಉತ್ತರದಲ್ಲಿರುವ ದೋಷ ಕಾಣುತ್ತದೆ. ಮಾಡೆಲ್ಲು ನಿಂತಿರಬಹುದು, ಅಳತೆ ನಿಂತಿಲ್ಲ. ಏಳು ಗೇರಿನ ಶಿಫ್ಟರುಗಳನ್ನು ಶಿಮಾನೊ ಇಂದಿಗೂ ತಯಾರಿಸುತ್ತದೆ. ತೈವಾನಿನ ಸನ್‌ರೇಸ್, ಮೈಕ್ರೋಶಿಫ್ಟ್ ಕಂಪನಿಗಳೂ ಅದೇ ಅಳತೆಗೆ ಮಾಡುತ್ತವೆ. ಯಾವುದೂ ಹೊಂದದಿದ್ದರೆ ಮೆಟ್ಟಿಲಿಲ್ಲದ ಹಳೆಯ ಬಗೆಯ ಹಿಡಿ ಈಗಲೂ ದೊರೆಯುತ್ತದೆ. ಬೇಡುವಾಗ ಹೆಸರನ್ನು ಬೇಡದೆ ಅಳತೆಯನ್ನು ಬೇಡಿದರೆ ಮುಚ್ಚಿದ ಬಾಗಿಲು ಬಹಳ ಸಲ ತೆರೆಯುತ್ತದೆ.

ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಅದು ನಿಜವಾಗಿ ಕೆಟ್ಟಿದೆಯೇ? ಬಹುಕಾಲ ಮೂಲೆಯಲ್ಲಿ ನಿಂತ ಸೈಕಲ್ಲಿನ ಶಿಫ್ಟರಿನೊಳಗೆ ಕಾರ್ಖಾನೆಯಲ್ಲಿ ಹಾಕಿದ ಗ್ರೀಸು ಒಣಗಿ ಅಂಟಾಗಿರುತ್ತದೆ. ಒಳಗಿನ ಪುಟ್ಟ ಕೊಕ್ಕೆ ಹಲ್ಲನ್ನು ಹಿಡಿಯಲಾರದು. ಹಿಡಿಯನ್ನು ಒತ್ತಿದರೆ ಸುಮ್ಮನೆ ಜಾರುತ್ತದೆ. ಹಳೆಯ ಗ್ರೀಸನ್ನು ತೊಳೆದು ತೆಳುವಾದ ಎಣ್ಣೆ ಬಿಟ್ಟು, ಐವತ್ತು ಬಾರಿ ಆಡಿಸಿದರೆ ಎಷ್ಟೋ ಶಿಫ್ಟರುಗಳು ಮರಳಿ ಪ್ರಾಣ ಪಡೆಯುತ್ತವೆ. ದಶಕಗಳ ಕಾಲ ಪಾಠ ಹೇಳಿದ ನಮಗೆ ಇದನ್ನು ನೋಡಿದಾಗ, ದಡ್ಡರೆಂದು ಹಿಂದಿನ ಬೆಂಚಿಗೆ ಸೇರಿಸಲ್ಪಟ್ಟ ಮಕ್ಕಳ ನೆನಪಾಗುತ್ತದೆ. ಜಡಗೊಂಡದ್ದನ್ನು ಸತ್ತಿತೆಂದು ತೀರ್ಮಾನಿಸುವುದು ಸುಲಭ. ಆದರೆ ತೀರ್ಮಾನಕ್ಕೆ ಮೊದಲು ಪರೀಕ್ಷೆ ನಡೆಯಬೇಕೆಂಬುದು ನ್ಯಾಯ.

ಇನ್ನು, ಭಾಗ ಬದಲಾದರೆ ಸೈಕಲ್ಲು ಅದೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆ. ಪಾಲಿ ಭಾಷೆಯ ‘ಮಿಲಿಂದ ಪನ್ಹ’ ಗ್ರಂಥದಲ್ಲಿ ಭಿಕ್ಷು ನಾಗಸೇನನು ಯವನ ದೊರೆ ಮಿಲಿಂದನ ಮುಂದೆ ರಥವನ್ನೇ ದೃಷ್ಟಾಂತವಾಗಿ ಇಡುತ್ತಾನೆ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಒಂದೂ ಅಲ್ಲ. ಇವೆಲ್ಲ ಒಂದು ಕ್ರಮದಲ್ಲಿ ಕೂಡಿದಾಗ ನಾವು ರಥವೆಂಬ ಹೆಸರನ್ನು ಬಳಸುತ್ತೇವೆ. ಆ ಮಹಾನುಭಾವನ ಉದ್ದೇಶ ಆತ್ಮವಿಚಾರವಾಗಿತ್ತು. ನಮ್ಮ ಉದ್ದೇಶ ಅಷ್ಟು ಎತ್ತರದ್ದಲ್ಲ. ಆದರೂ ಆ ಬೆಳಕು ಇಲ್ಲಿಗೂ ಬೀಳುತ್ತದೆ. ಟೈರು, ಚೈನು, ಬ್ರೇಕಿನ ರಬ್ಬರುಗಳನ್ನು ಬದಲಿಸಿದಾಗ ಸೈಕಲ್ಲು ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. ಎಲ್ಲವೂ ಮೂಲದ್ದೇ ಆಗಿರಬೇಕೆಂಬ ಹಟ ವಸ್ತುಸಂಗ್ರಹಾಲಯಕ್ಕೆ ಭೂಷಣ. ಓಡಾಡುವ ವಾಹನಕ್ಕೆ ಅಲ್ಲ. ಹೊಸ ಭಾಗವು ಹಳೆಯ ಕ್ರಮದೊಳಗೆ ಸೇರಿ, ಆ ಕ್ರಮ ನಡೆಯುವಂತೆ ಮಾಡಿದರೆ ಅದೂ ಆ ಸೈಕಲ್ಲಿನದೇ.

ಮಾಡುವವರ ಹೊಣೆಗೆ ಒಂದು ಗೌರವಯುತ ನಿದರ್ಶನವಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1902ರಲ್ಲಿ ಆರಂಭವಾದ ಸ್ಟರ್ಮಿ ಆರ್ಚರ್ ಸಂಸ್ಥೆಯು ಹಿಂದಿನ ಗಾಲಿಯ ಹಬ್ಬಿನೊಳಗೆ ಅಡಗಿದ ಮೂರು ಗೇರುಗಳಿಗೆ ಹೆಸರಾಗಿತ್ತು. 1930ರ ದಶಕದಲ್ಲಿ ಬಂದ ಅದರ ‘ಎಡಬ್ಲ್ಯು’ ಹಬ್ಬಿನಲ್ಲಿ ಮಧ್ಯದ ಗೇರು ನೇರ. ಕೆಳಗಿನದು ಕಾಲು ಭಾಗ ಕಡಿಮೆ. ಮೇಲಿನದು ಮೂರನೆಯ ಒಂದು ಭಾಗ ಹೆಚ್ಚು. ಸಂಸ್ಥೆಯು 2000ದಲ್ಲಿ ಸನ್‌ರೇಸ್ ಕಂಪನಿಯ ಪಾಲಾಗಿ ತಯಾರಿಕೆ ತೈವಾನಿಗೆ ಹೋಯಿತು. ಹಾಗಿದ್ದರೂ ಈಗಿನ ಮೂರು ಗೇರಿನ ಶಿಫ್ಟರನ್ನು ತಂದು, ಅರ್ಧ ಶತಮಾನ ಹಿಂದಿನ ಇಂಗ್ಲಿಷ್ ಹಬ್ಬಿಗೆ ಕಟ್ಟಿ ಸವಾರಿ ಮಾಡುವವರಿದ್ದಾರೆ. ಒಡೆತನ ಬದಲಾಯಿತು, ದೇಶ ಬದಲಾಯಿತು, ಅಳತೆ ಮಾತ್ರ ಉಳಿಯಿತು. ತಾನು ಎಂದೂ ಕಾಣದ ಗ್ರಾಹಕನಿಗೆ ತಯಾರಕನು ಕೊಟ್ಟ ಮಾತೆಂದರೆ ಈ ಅಳತೆಯೇ.

ಅಳತೆ ಎಂದೂ ಬದಲಾಗಬಾರದೆಂದು ನಾವು ವಾದಿಸುವುದಿಲ್ಲ. ಗೇರುಗಳ ಸಂಖ್ಯೆ ಹೆಚ್ಚಿದಾಗ ಚಕ್ರಗಳು ಹತ್ತಿರವಾಗಲೇಬೇಕು, ಚೈನು ತೆಳುವಾಗಲೇಬೇಕು. ಅದು ಪ್ರಗತಿಯ ಸಹಜ ಕ್ರಮ. ಆದರೆ ಅಗತ್ಯಕ್ಕಾಗಿ ಅಳತೆ ಬದಲಿಸುವುದು ಬೇರೆ. ಹಳೆಯದು ನಿರುಪಯುಕ್ತವಾಗಲೆಂದೇ ಬದಲಿಸುವುದು ಬೇರೆ. ಮೊದಲನೆಯದು ವಿದ್ಯೆ, ಎರಡನೆಯದು ವಂಚನೆ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿಯೊಂದನ್ನು ರಚಿಸಿದ್ದು ಈ ಭೇದವನ್ನು ಸಮಾಜ ಗುರುತಿಸತೊಡಗಿದೆ ಎಂಬುದರ ಸೂಚನೆ. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತುಗಳು, ಮೋಟಾರು ವಾಹನಗಳು ಅಲ್ಲಿಯ ಮುಖ್ಯ ವಿಷಯಗಳು. ಅದರ ಹಿಂದಿನ ನ್ಯಾಯ ಸೈಕಲ್ಲಿಗೂ ಅನ್ವಯಿಸುತ್ತದೆ.

ರಿಪೇರಿ ಮಾಡುವವನ ಧರ್ಮ ಇನ್ನೂ ಸೂಕ್ಷ್ಮವಾದದ್ದು. ಮೆಟ್ಟಿಲುಳ್ಳ ಗೇರಿಗೆ ಬಳಸುವ ವೈರಿನ ಹೊರಕವಚದೊಳಗೆ ಉಕ್ಕಿನ ಎಳೆಗಳು ಉದ್ದುದ್ದಕ್ಕೆ ಸಾಗುತ್ತವೆ. ಬ್ರೇಕಿನ ಕವಚದಲ್ಲಿ ಉಕ್ಕು ಸುರುಳಿಯಾಗಿ ಸುತ್ತಿರುತ್ತದೆ. ಹೊರನೋಟಕ್ಕೆ ಎರಡೂ ಒಂದೇ. ಗೇರಿನ ಕವಚವನ್ನು ಬ್ರೇಕಿಗೆ ಹಾಕಿದರೆ, ಗಟ್ಟಿಯಾಗಿ ಬ್ರೇಕು ಹಿಡಿದ ಗಳಿಗೆಯಲ್ಲಿಯೇ ಅದು ಸಿಡಿಯಬಹುದು. ಕೂರುತ್ತದೆ ಎಂಬುದೂ ಹೊಂದುತ್ತದೆ ಎಂಬುದೂ ಒಂದೇ ಅಲ್ಲ. ಭಾರ ಬಿದ್ದಾಗ ತಡೆಯುವುದೇ ನಿಜವಾದ ಹೊಂದಿಕೆ. ಆದುದರಿಂದ ರಿಪೇರಿಯವನು ತಾನು ಏನನ್ನು ಹಾಕಿದೆ, ಅದು ಎಷ್ಟರ ಮಟ್ಟಿಗೆ ಹೊಂದಿದೆ, ಎಲ್ಲಿ ಕೊರತೆ ಉಳಿದಿದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಚೌಕಟ್ಟೇ ಬಿರುಕು ಬಿಟ್ಟಿದ್ದರೆ ಇನ್ನು ಸಾಕೆಂದು ಹೇಳುವ ಧೈರ್ಯವೂ ಬೇಕು. ಆಗಲೂ ಅದರ ಗಾಲಿ, ಬ್ರೇಕುಗಳು ಇನ್ನೊಂದು ಸೈಕಲ್ಲಿಗೆ ಆದಾವು.

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕನ್ನಡಿಗರಾದ ನಮಗೆ ಈ ವಿಚಾರ ಹೊಸದೇನಲ್ಲ. ನಮ್ಮ ನಾಲಗೆಯ ಮೇಲೆ ಮರಾಠಿ, ಪಾರಸಿ, ಇಂಗ್ಲಿಷ್ ಶಬ್ದಗಳು ಓಡಾಡುತ್ತವೆ. ಆದರೆ ದವಾಖಾನೆ ಎಂಬ ಪಾರಸಿ ಶಬ್ದಕ್ಕೆ ನಾವು ‘ಗೆ’ ಸೇರಿಸಿ ‘ದವಾಖಾನೆಗೆ’ ಎನ್ನುತ್ತೇವೆ; ಸೈಕಲ್ಲಿಗೆ ‘ಅನ್ನು’ ಸೇರಿಸಿ ‘ಸೈಕಲ್ಲನ್ನು’ ಎನ್ನುತ್ತೇವೆ. ಶಬ್ದ ಹೊರಗಿನದು, ಪ್ರತ್ಯಯ ನಮ್ಮದು. ಹೊರಗಿನ ಭಾಗವು ನಮ್ಮ ಅಳತೆಗೆ ಒಗ್ಗಿ ನಡೆಯುವವರೆಗೆ ಭಾಷೆಗೆ ಭಯವಿಲ್ಲ. ವಾಕ್ಯದ ಚೌಕಟ್ಟೇ ಬಿರುಕು ಬಿಟ್ಟಾಗ, ಮನೆಯ ಮಕ್ಕಳು ಕನ್ನಡದಲ್ಲಿ ಒಂದು ವಾಕ್ಯವನ್ನೂ ಮುಗಿಸಲಾರದೆ ಹೋದಾಗ, ಚಿಂತೆ ಮಾಡಬೇಕು.

ಈ ಜಿಜ್ಞಾಸೆಯಿಂದ ನಮಗೆ ದೊರೆತ ತೀರ್ಮಾನ ಸರಳವಾದದ್ದು. ಹಳೆಯದೆಂಬ ಕಾರಣಕ್ಕೆ ಒಂದನ್ನು ಪೂಜಿಸಬೇಕಾಗಿಲ್ಲ, ಹಳೆಯದೆಂಬ ಕಾರಣಕ್ಕೆ ಎಸೆಯಲೂ ಬೇಕಾಗಿಲ್ಲ. ಕೆಟ್ಟ ಭಾಗವೆಷ್ಟು, ಉಳಿದ ಭಾಗವೆಷ್ಟು ಎಂದು ನೋಡಬೇಕು. ಬರುವ ಹೊಸದು ಇರುವ ಹಳೆಯದರ ಅಳತೆಯನ್ನು ಗೌರವಿಸುತ್ತದೆಯೇ ಎಂದು ಪರೀಕ್ಷಿಸಬೇಕು. ನಮ್ಮ ಅಟ್ಟಗಳಲ್ಲಿಯೂ ಹಿತ್ತಲುಗಳಲ್ಲಿಯೂ ಧೂಳು ತಿನ್ನುತ್ತ ನಿಂತಿರುವ ಸೈಕಲ್ಲುಗಳು ಕಡಿಮೆಯಿಲ್ಲ. ಅವುಗಳಲ್ಲಿ ಹಲವಕ್ಕೆ ಬೇಕಾಗಿರುವುದು ತುಸು ಎಣ್ಣೆ, ಒಂದು ವೈರು, ಹೊಂದುವ ಒಂದು ಶಿಫ್ಟರು. ಅಷ್ಟನ್ನು ಒದಗಿಸಿದರೆ ಶಾಲೆಗೆ ನಡೆದು ಹೋಗುವ ಯಾವುದಾದರೊಂದು ಮಗುವಿಗೆ ನಾಳೆಯಿಂದಲೇ ದಾರಿ ಹತ್ತಿರವಾದೀತು.